ಗ್ರಾಮರ್ ಸರಿ ಅದ

ಮೊದಲು ಅಫಜಲಪುರದಲ್ಲಿ, ಆಮೇಲೆ ಜೇವರ್ಗಿಯಲ್ಲಿ ಪಿಯುಸಿ ಹುಡುಗರಿಗೆ ಇಂಗ್ಲಿಷ್ ಕಲಿಸಿ ನಾನು ಹೊಟ್ಟೆ ಹೊರೆದವನು. ಕೆಂಪು ಪೆನ್ನು ಹಿಡಿದು ಬಹಳ ತಪ್ಪು ತಿದ್ದಿದ್ದೇನೆ. ಹುಡುಗರು ನನ್ನನ್ನು ಬೆನ್ನ ಹಿಂದೆ ‘ಕೆಂಪ ಇರುವಿ’ ಅಂತಿದ್ದರಂತೆ. ಹಾಳಿ ತುಂಬ ಹರಿದಾಡುತ್ತೇನೆ ಎಂದು. ಆದರೆ ನಾನು ಸ್ವತಃ ಹುಡುಗನಾಗಿದ್ದಾಗ ಮಾಡಿದ ಒಂದು ತಪ್ಪಿನ ಕೆಳಗೆ ಯಾರೂ ಕೆಂಪು ಗೆರೆ ಎಳೆಯಲಿಲ್ಲ. ಆ ಹಾಳಿ ಇನ್ನೂ ನನ್ನ ಹತ್ತಿರ ಇದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಆಳಂದದಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ. ಊರು ಕಿಣ್ಣಿ ಸುಲ್ತಾನ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಅದೇ ಬಸ್ಸಿಗೆ ನಮ್ಮೂರಿನಿಂದಲೇ ಇನ್ನೊಬ್ಬ ಬರುತ್ತಿದ್ದ. ಅವನು ಊರ ಹೊರಗಿನ ದಲಿತರ ಓಣಿಯವನು, ಬೌದ್ಧರಾದವರ ಮನೆಯವನು. ನಮ್ಮದು ಊರ ನಡುವಿನ ಮನೆ, ಶರಣರ ಮನೆತನ, ಹುಟ್ಟಿದ ಕೂಸಿನ ಕೊರಳಿಗೂ ಲಿಂಗ ಕಟ್ಟುವವರು. ಕ್ಲಾಸಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನಿಗೆ ಇಂಗ್ಲಿಷ್ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಗೆಳೆತನ ಹುಟ್ಟಲು ಇಷ್ಟೇ ಸಾಕಾಯಿತು. ಅದು ಬೆಳೆದದ್ದು ಬಸ್ಸಿನಲ್ಲಿ. ಬಸ್ಸು ನಿಲ್ಲುವ ಮೊದಲೇ ಅವನು ಕಿಟಕಿಯೊಳಗೆ ಟವೆಲ್ ಒಗೆದು ಇಬ್ಬರಿಗೂ ಸೀಟು ಹಿಡಿಯುತ್ತಿದ್ದ. ಆ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಆ ರೂಟಿನಲ್ಲಿ ಇರಲಿಲ್ಲ.

ಇಂಗ್ಲಿಷ್ ಸರ್ ಮೈಸೂರು ಕಡೆಯವರು. ಅವರು ‘ಬನ್ನಿ, ಕೂತ್ಕೊಳ್ಳಿ’ ಅಂದರೆ ನಮಗೆ ರೇಡಿಯೋ ಮಾತಾಡಿದ ಹಾಗೆ ಕೇಳಿಸುತ್ತಿತ್ತು. ನಾವು ‘ಹೌದ್ರಿ’ ಅಂದರೆ ಅವರಿಗೆ ಬೈದ ಹಾಗೆ ಕೇಳಿಸುತ್ತದೆ ಎಂದು ಒಮ್ಮೆ ಅವರೇ ಒಪ್ಪಿಕೊಂಡರು. ವರ್ಷದ ಮೊದಲಿಗೆ ‘ನನ್ನ ಊರು’ ಎಂದು ಪ್ರಬಂಧ ಬರೆಸಿದರು. ಇಡೀ ಕ್ಲಾಸು ಗೈಡಿನಿಂದ ಇಳಿಸಿತು. ಎಲ್ಲರ ಊರಿನ ಸುತ್ತಲೂ ಹಸಿರು ಬೆಟ್ಟಗಳಿದ್ದವು, ಎಲ್ಲರ ಊರಿನ ನಡುವೆಯೂ ಜುಳುಜುಳು ನದಿ ಹರಿಯುತ್ತಿತ್ತು. ಕಣ್ಣು ಹಾಯುವತನಕ ಕರೀ ಎರೆಹೊಲ, ತೊಗರಿ, ಜೋಳ ಇರುವ ಸೀಮೆ ನಮ್ಮದು.

ಸರ್ ನನ್ನನ್ನೇ ಎಬ್ಬಿಸಿದರು. “ಕಿಣ್ಣಿ ಸುಲ್ತಾನದಲ್ಲಿ ಬೆಟ್ಟ ಎಲ್ಲಿದೆಯಪ್ಪಾ?”

“ಗೈಡಿನಾಗ ಅದ್ರಿ ಸರ್,” ಅಂದೆ.

ಕ್ಲಾಸು ನಕ್ಕಿತು, ಸರ್ ನಗಲಿಲ್ಲ. ಹೊಸದೊಂದು ಕೆಲಸ ಹಚ್ಚಿದರು. “ನಿಮ್ಮ ಮನೆಯ ಒಂದು ಮಾತು ಆರಿಸಿಕೊಳ್ಳಿ. ಗೈಡಿನಲ್ಲಿ ಇಲ್ಲದ ಮಾತು. ಅದನ್ನ ಯಾರು ಯಾರಿಗೆ ಹೇಳ್ತಾರೆ, ಯಾವಾಗ ಹೇಳ್ತಾರೆ, ಈ ಕಡೆ ಎಂದೂ ಬರದೇ ಇರೋನಿಗೆ ತಿಳಿಯೋ ಹಾಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೀರಿ. ಚೆನ್ನಾಗಿರೋದನ್ನ ಗ್ಯಾದರಿಂಗ್ ದಿವಸ ಸ್ಟೇಜ್ ಮೇಲೆ ಓದಿಸ್ತೀನಿ.”

ಗ್ಯಾದರಿಂಗ್ ಅಂದರೆ ಕಾಲೇಜಿನ ವಾರ್ಷಿಕ ಸಮ್ಮೇಳನ. ಹಳ್ಳಿಗಳಿಂದ ತಂದೆತಾಯಿಗಳು ಬರುತ್ತಿದ್ದರು. ನನಗೆ ಆ ಸ್ಟೇಜಿನ ಆಸೆ ಹತ್ತಿತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಓಣಿಯ ತುಂಬ ‘ನಮ್ ಹುಡುಗ ಇಂಗ್ರೇಜಿ ಮಾತಾಡ್ತಾನ’ ಎಂದು ಸಾರಿಕೊಂಡು ಬಂದಿದ್ದಳು. ಆಡಿದ ಮಾತು ಅವಳದು, ಉಳಿಸುವ ಜವಾಬ್ದಾರಿ ನನ್ನದು. ಹತ್ತನೆಯ ಇಯತ್ತೆಯ ಇಂಗ್ಲಿಷನ್ನು ನಾನು ಹ್ಯಾಂಗೋ ಅಂಚಿಗೆ ಬಂದು ಪಾಸು ಮಾಡಿದ್ದೇನೆಂಬುದು ಅವಳಿಗೆ ಗೊತ್ತಿರಲಿಲ್ಲ.

ನನ್ನ ಮಾತು ಹುಡುಕಲು ಕಷ್ಟವೇನೂ ಆಗಲಿಲ್ಲ. ನಮ್ಮ ಮನೆಯಲ್ಲಿ ನಮಸ್ಕಾರ ಅನ್ನುವುದಿಲ್ಲ, ‘ಶರಣಾರ್ಥಿ’ ಅನ್ನುತ್ತೇವೆ. ಬಂದವರು ಕೈ ಮುಗಿದು ಶರಣಾರ್ಥಿ ಅಂದರೆ ಮನೆಯವರು ‘ಶರಣು ಶರಣಾರ್ಥಿ’ ಎಂದು ತಿರುಗಿ ಅನ್ನಲೇಬೇಕು. ಅನ್ನದಿದ್ದರೆ ಬಂದವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿದ ಹಾಗೆ. ಮುದುಕಿಯಾದ ಆಯಿ ಮೊಮ್ಮಕ್ಕಳ ವಯಸ್ಸಿನವರಿಗೂ ತಾನೇ ಮೊದಲು ಅನ್ನುತ್ತಿದ್ದಳು. ಯಾಕೆ ಎಂದು ಕೇಳಿದೆ, ಪ್ರಬಂಧಕ್ಕೆ ಬೇಕಿತ್ತಲ್ಲ.

“ಶರಣಾರ್ಥಿ ಅಂದ್ರ ನಾ ಸಣ್ಣಾಕಿ, ನಿನ್ನ ಆಸರಕ್ಕ ಬಂದಾಕಿ ಅಂದಂಗ,” ಅಂದಳು ಆಯಿ, ತೊಗರಿ ಕೇರುತ್ತ. “ದೊಡ್ಡಾಂವ ಸಣ್ಣಾಂವ ಅಂಬೋದಿಲ್ಲ ಇದರಾಗ. ಎಲ್ಲಾರಿಗೂ ಅನಬೇಕು. ಅಂದ್ರ ನಮ್ದೇನ್ ಹೋಗ್ತದ?”

ನಾನು ಇದನ್ನು ಹಾಗೇ ಬರೆದುಕೊಂಡೆ. ಇನ್ನು ಇಂಗ್ಲಿಷ್ ಮಾಡುವುದಷ್ಟೇ ಬಾಕಿ. ಕಾಲೇಜಿನ ಲೈಬ್ರರಿಯಲ್ಲಿ ಇದ್ದದ್ದು ಒಂದೇ ಡಿಕ್ಷನರಿ, ಅದೂ ಇಂಗ್ಲಿಷ್–ಕನ್ನಡ. ಅದರಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರಬಹುದಿತ್ತು, ಕನ್ನಡದಿಂದ ಇಂಗ್ಲಿಷಿಗೆ ಹೋಗಲು ದಾರಿ ಇರಲಿಲ್ಲ. ಆದರೆ ಸೋದರಮಾವ ಎಂದೋ ಸೊಲ್ಲಾಪುರದಿಂದ ತಂದುಕೊಟ್ಟ ಒಂದು ಹಿಂದಿ–ಇಂಗ್ಲಿಷ್ ಡಿಕ್ಷನರಿ ಮನೆಯ ಗೋಡೆಯ ಮಾಡದಲ್ಲಿತ್ತು. ತೆರೆದು ನೋಡಿದರೆ ನಮ್ಮ ಶರಣಾರ್ಥಿ ನಾಗರಿ ಲಿಪಿಯಲ್ಲಿ ಅಚ್ಚಾಗಿ ಕೂತಿದೆ! ಅದರ ಮುಂದೆ ಇಂಗ್ಲಿಷ್ ಪದ: ರೆಫ್ಯೂಜಿ.

ಮನೆಮಠ ಕಳೆದುಕೊಂಡು ದೇಶ ಬಿಟ್ಟು ಬಂದ ನಿರಾಶ್ರಿತರಿಗೆ ಹಾಗನ್ನುತ್ತಾರೆಂದು ನನಗೇನು ಗೊತ್ತು. ಮೊದಲ ಸಲ ಕಂಡ ಪದ. ಉಚ್ಚಾರಕ್ಕೆ ಭಾರದ್ದು, ಸ್ಟೇಜಿಗೆ ತಕ್ಕದ್ದು ಅನಿಸಿತು. ಒಂದು ಪುಟದಲ್ಲಿ ಹದಿನಾಲ್ಕು ಸಲ ಬಳಸಿದೆ.

ಮುಂದಿನ ವಾರ ಸರ್ ಪ್ರಬಂಧಗಳ ಕಟ್ಟು ತಂದರು. ನನ್ನದನ್ನು ಮೇಲೆ ಇಟ್ಟುಕೊಂಡಿದ್ದರು. ಇಂಗ್ಲಿಷಿನಲ್ಲಿ ಓದಿ, ಹಿಂದೆಯೇ ಕನ್ನಡದಲ್ಲಿ ಹೇಳಿದರು. “ನನ್ನ ಅಜ್ಜಿ ಬೆಳಿಗ್ಗೆ ಎದ್ದು ಬಾಗಿಲಿಗೆ ಬಂದು ಎಲ್ಲರಿಗೂ ನಿರಾಶ್ರಿತ ಅನ್ನುತ್ತಾಳೆ. ಬಂದವರೂ ಅಜ್ಜಿಗೆ ನಿರಾಶ್ರಿತ, ನಿರಾಶ್ರಿತ ಎಂದು ಎರಡು ಸಲ ಅನ್ನುತ್ತಾರೆ. ನಂತರ ನಾವು ನಿರಾಶ್ರಿತರಿಗೆ ಚಹಾ ಕೊಡುತ್ತೇವೆ.” ಅಲ್ಲಿಗೆ ಬಂದಾಗ ಅವರಿಗೇ ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕ್ಲಾಸಿನ ಸಂಗತಿ ಹೇಳುವುದೇ ಬೇಡ; ಆವತ್ತಿನಿಂದ ಪರೀಕ್ಷೆಯವರೆಗೆ ನನ್ನ ಹೆಸರು ರೆಫ್ಯೂಜಿ ಎಂದೇ ಆಯಿತು. ಬಾಜೂ ಕೂತ ನನ್ನ ಗೆಳೆಯ ಮಾತ್ರ ಮೆಲ್ಲಗೆ, “ಬಿಡಲೇ, ಡಿಕ್ಷನರಿ ತಪ್ಪದು,” ಅಂದ.

ನಗು ಇಳಿದ ಮೇಲೆ ಸರ್ ಕೇಳಿದರು. “ಈಗ ಹೇಳಪ್ಪಾ, ಆ ಮಾತಿನ ಅರ್ಥ ಏನು?”

ಎದ್ದು ನಿಂತು ಆಯಿ ಹೇಳಿದ್ದನ್ನೇ ಹೇಳಿದೆ. ನಾ ಸಣ್ಣಾಂವ, ನಿಮ್ಮ ಆಸರಕ್ಕ ಬಂದಾಂವ. ಸರ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ತಮಗೆ ತಾವೇ ಅಂದುಕೊಳ್ಳುವ ಹಾಗೆ, ಹಾಗಾದರೆ ಡಿಕ್ಷನರಿ ಪೂರ್ತಿ ತಪ್ಪೇನೂ ಹೇಳಿಲ್ಲವಲ್ಲ, ಅಂದರು. ಮನೆಯ ಯಜಮಾನಿ ಬಂದವನ ಮುಂದೆ ತಾನೇ ನಿರಾಶ್ರಿತೆ ಎಂದು ನಿಲ್ಲುವುದು, ಅದೂ ಎಲ್ಲರ ಮುಂದೆ, ಇಂಥ ನಮಸ್ಕಾರ ತಾವು ಕೇಳಿಲ್ಲ ಎಂದರು. “ಇದನ್ನೇ ಗ್ಯಾದರಿಂಗಿನಲ್ಲಿ ಓದು. ಆ ರೆಫ್ಯೂಜಿ ಕಥೆಯನ್ನೂ ಸೇರಿಸು. ಭಾಷೆ ಮಾತ್ರ ತಿದ್ದಿಕೊಂಡು ಬಾ.”

ಹಾಳಿ ಕೈಗೆ ಬಂತು. ಕೆಂಪು ಮಸಿಯಿಂದ ಅದಕ್ಕೆ ಮೈತುಂಬ ಗೋವರದ ಗುಳ್ಳೆ ಎದ್ದ ಹಾಗೆ ಆಗಿತ್ತು.

ತಿದ್ದುವ ಕೆಲಸ ನನ್ನ ಗೆಳೆಯನದು. ಅದನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಸಂಜೆಯ ಬಸ್ಸಿನಲ್ಲಿ ನಾನು ಹೊಸದಾಗಿ ಬರೆದ ಪುಟವನ್ನು ಅವನ ತೊಡೆಯ ಮೇಲಿಟ್ಟೆ. ಅವನು ಪೆನ್ಸಿಲ್ ತೆಗೆದು ಕ್ರಿಯಾಪದಗಳ ಬಾಲ ಸರಿ ಮಾಡುತ್ತ ಬಂದ. ಕೊನೆಯ ಸಾಲಿಗೆ ನಿಂತ. ಅಲ್ಲಿ ನಾನು ‘ನಾವು ಇದನ್ನು ಎಲ್ಲರಿಗೂ ಅನ್ನುತ್ತೇವೆ’ ಎಂದು ಬರೆದಿದ್ದೆ. ಅವನು ‘ಎವ್ರಿಒನ್’ ಎಂಬ ಪದದ ಸುತ್ತ ಪೆನ್ಸಿಲಿನಿಂದ ಒಂದು ಗುಂಡು ಸುತ್ತಿ ಹಾಳಿ ನನ್ನ ಕೈಗೆ ಕೊಟ್ಟ.

“ಏನ್ ತಪ್ಪದಲೇ ಅದರಾಗ?” ಅಂದೆ.

“ತಪ್ಪೇನಿಲ್ಲ. ಗ್ರಾಮರ್ ಸರಿ ಅದ,” ಅಂದ. ಕಿಟಕಿಯ ಕಡೆ ತಿರುಗಿ ಕೂತ.

ನನಗೆ ತಿಳಿಯಲಿಲ್ಲ ಎಂದು ಬರೆದರೆ ಕಥೆ ಚಂದವಾದೀತು. ಆದರೆ ತಿಳಿದಿತ್ತು, ಅದೇ ಗಳಿಗೆಗೆ ತಿಳಿದಿತ್ತು. ಅವನು ಬೆಳಿಗ್ಗೆ ನನ್ನನ್ನು ಬಸ್ಸಿಗೆ ಕರೆಯಲು ಬಂದಾಗಲೆಲ್ಲ ನಮ್ಮ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ. ಆಯಿ ಹೊರಗೆ ಬಂದು ನೋಡಿ, “ಯಾಕೋ ತಮ್ಮಾ?” ಅನ್ನುತ್ತಿದ್ದಳು. ಸಿಟ್ಟಿನಿಂದಲ್ಲ. ಎಷ್ಟೋ ಸಲ ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಚ್ಚಿ ತಂದು ಅವನ ಕೈಗೆ ಮೇಲಿನಿಂದ ಬಿಡುತ್ತಿದ್ದಳು. ಹೆಸರೂ ಕುಲವೂ ಗೊತ್ತಿಲ್ಲದ ಬಸ್ ಕಂಡಕ್ಟರನಿಗೆ ಶರಣಾರ್ಥಿ ಅಂದವಳು ಅವಳು. ಇವನಿಗೆ ಎರಡು ವರ್ಷದಲ್ಲಿ ಒಂದು ಸಲವೂ ಅಂದದ್ದನ್ನು ನಾನು ಕೇಳಿರಲಿಲ್ಲ. ಅಷ್ಟೇ ಅಲ್ಲ, ಅಂದಿಲ್ಲವೆಂಬುದು ಆ ಗುಂಡು ಕಾಣುವತನಕ ನನ್ನ ಲಕ್ಷ್ಯಕ್ಕೂ ಬಂದಿರಲಿಲ್ಲ.

ಮನೆಗೆ ಹೋಗಿ ಆಯಿಯನ್ನು ಕೇಳಿದೆ. “ಎಲ್ಲಾರಿಗೂ ಅಂದ್ರ ಅವನಿಗೂ ಅನಬೇಕಲ್ಲ?”

ಆಯಿಗೆ ಮೊದಲು ಯಾರಿಗೆ ಎಂಬುದೇ ಹೊಳೆಯಲಿಲ್ಲ. ಹೊಳೆದ ಮೇಲೆ, “ಅವರದು ಅವರಿಗಿ ಬ್ಯಾರೇ ಅದನಲ್ಲೋ ಯಪ್ಪಾ. ಅವರು ಅವರದು ಅಂತಾರ, ನಾವು ನಮ್ದು ಅಂತೀವಿ,” ಅಂದಳು.

“ಕಂಡಕ್ಟರಂದು ಯಾವುದು ಅಂಬೋದು ನಿನಗ ಗೊತ್ತದೇನು?”

“ಹೆಚ್ಚಿಗಿ ಶಾಣ್ಯಾ ಆಗಬ್ಯಾಡ,” ಅಂದು ಒಳಗೆ ಹೋದಳು. ಆ ರಾತ್ರಿ ನನ್ನ ತಾಟಿಗೆ ಅವಳೇ ತುಪ್ಪ ಹಾಕಿದಳು, ಎಂದಿಗಿಂತ ಒಂದು ಚಮಚ ಹೆಚ್ಚಿಗೆ.

ಎರಡು ದಿನ ಬಿಟ್ಟು ನನ್ನ ಗೆಳೆಯ ತನ್ನ ಪ್ರಬಂಧ ಒಪ್ಪಿಸಿದ. ತಡವಾಗಿತ್ತು. ಒಪ್ಪಿಸುವ ಮೊದಲು ನನ್ನ ಕಡೆ ಸರಿಸಿದ, ಓದು ಎನ್ನುವ ಹಾಗೆ. ಅವನು ಆರಿಸಿದ ಮಾತು ‘ಯಾಕ’. ಅವನ ಇಂಗ್ಲಿಷ್ ಎಷ್ಟು ಸರಳವಾಗಿತ್ತೆಂದರೆ ನನಗೂ ಡಿಕ್ಷನರಿ ಬೇಕಾಗಲಿಲ್ಲ. ನಮ್ಮ ಓಣಿಯಲ್ಲಿ ಯಾರಾದರೂ ಬಾಗಿಲಿಗೆ ಹೋದರೆ ‘ಬಾ’ ಅನ್ನುತ್ತಾರೆ, ಎಂದು ಶುರು ಮಾಡಿದ್ದ. ಊರ ನಡುವಿನ ಬಾಗಿಲಿಗೆ ನಾನು ಹೋದರೆ ‘ಯಾಕ’ ಅನ್ನುತ್ತಾರೆ. ಅದು ಕೆಟ್ಟ ಮಾತಲ್ಲ. ನಕ್ಕೊಂತಲೇ ಅನ್ನುತ್ತಾರೆ. ಆದರೆ ಅದು ಪ್ರಶ್ನೆಯಾದ್ದರಿಂದ ಉತ್ತರ ಬೇಕು. ಹೀಗಾಗಿ ನಾನು ಯಾವಾಗಲೂ ಒಂದು ಉತ್ತರ ಹಿಡಿದುಕೊಂಡೇ ಹೋಗುತ್ತೇನೆ: ಗೆಳೆಯನನ್ನು ಕರೆಯಲು ಬಂದೆ, ಪುಸ್ತಕ ತಿರುಗಿ ಕೊಡಲು ಬಂದೆ. ಸುಮ್ಮನೆ, ಏನೂ ಕಾರಣವಿಲ್ಲದೆ, ನಾನು ಇವತ್ತಿನವರೆಗೆ ಅಲ್ಲಿ ಯಾರ ಮನೆಗೂ ಹೋಗಿಲ್ಲ.

ಅಷ್ಟೇ ಇತ್ತು, ಮುಕ್ಕಾಲು ಪುಟ. ನಾನು ಓದಿ ಹಾಳಿ ಹಿಂದೆ ಸರಿಸಿದೆ. ಅವನ ಮನೆಗೆ ನಾನು ಮೂರು ನಾಕು ಸಲ ಹೋಗಿದ್ದು ನೆನಪಾಯಿತು. ಅವನ ಅವ್ವ ಪ್ರತಿ ಸಲ “ಬಾ ಯಪ್ಪಾ, ಕುಂದ್ರು” ಅಂದಿದ್ದಳು, ಛಾ ಇಡುತ್ತೇನೆಂದಿದ್ದಳು. ನಾನು ಪ್ರತಿ ಸಲ “ಈಗೇ ಕುಡದು ಬಂದೀನ್ರಿ” ಅಂದಿದ್ದೆ. ಉತ್ತರ ಹಿಡಿದುಕೊಂಡು ಹೋಗುವವನು ಅವನೊಬ್ಬನೇ ಆಗಿರಲಿಲ್ಲ.

ಸರ್ ಅವನ ಪುಟವನ್ನು ಕ್ಲಾಸಿನಲ್ಲಿ ಓದಲಿಲ್ಲ. ಪಾಠ ಮುಗಿದ ಮೇಲೆ ಅವನನ್ನು ಕರೆದು, ಗ್ಯಾದರಿಂಗಿನಲ್ಲಿ ಇದನ್ನೂ ಓದುತ್ತೀಯಾ ಎಂದು ಕೇಳಿದರು. ನಾನು ಬಾಗಿಲಲ್ಲಿ ಅವನಿಗಾಗಿ ನಿಂತಿದ್ದೆ.

“ಬ್ಯಾಡ್ರಿ ಸರ್,” ಅಂದ. “ನಾ ತಿರಗಿ ಊರಿಗಿ ಹೋಗಬೇಕಲ್ರಿ.”

ಸರ್ ಒತ್ತಾಯ ಮಾಡಲಿಲ್ಲ. ಅವನಿಗೆ ಸ್ಟೇಜಿನ ಪರದೆ ಎಳೆಯುವ ಕೆಲಸ ಕೊಟ್ಟರು.

ಈಗ ಉಳಿದದ್ದು ನನ್ನ ಒಂದು ಶಬ್ದ. ಅದನ್ನು ಓದಿದರೆ ಅವನ ಮುಂದೆ ಸುಳ್ಳು ಹೇಳಿದಂತೆ. ಬಿಟ್ಟರೆ ಸರ್ ಮೆಚ್ಚಿದ್ದೇ ಬಿಟ್ಟುಹೋಗುತ್ತದೆ, ಸ್ಟೇಜೂ ಹೋದೀತು. ‘ಬಹುತೇಕ ಎಲ್ಲರಿಗೂ’ ಎಂದು ಬರೆದು ನೋಡಿದೆ. ಓದಿದರೆ ನನಗೇ ಅಸಹ್ಯವಾಯಿತು, ಹೊಡೆದು ಹಾಕಿದೆ. ಕೊನೆಗೆ ಅವನನ್ನೇ ಕೇಳಿದೆ. ಏನು ಓದಲಿ? ಅವನನ್ನು ಕೇಳುವ ಪ್ರಶ್ನೆಯೇ ಅದು? ಆಗ ಅಷ್ಟು ಬುದ್ಧಿ ಇರಲಿಲ್ಲ.

“ಬರದದ್ದು ಓದು,” ಅಂದ. “ಖರೇನೋ ಸುಳ್ಳೋ ನಾ ನೋಡ್ತೀನಿ.”

ಗ್ಯಾದರಿಂಗ್ ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಆಯಿ ಇಳಕಲ್ ಸೀರೆ ಉಟ್ಟು ಬಂದು ಹೆಣ್ಣುಮಕ್ಕಳ ಕಡೆಯ ಜಮಖಾನದ ಮೇಲೆ ಎಲ್ಲರಿಗಿಂತ ಮುಂದೆ ಕೂತಳು. ಕೂಡುವ ಮೊದಲು ಆಜೂಬಾಜೂ ಇದ್ದ ಎಲ್ಲರಿಗೂ ಶರಣಾರ್ಥಿ ಆಯಿತು. ನನ್ನ ಹೆಸರು ಕರೆದಾಗ ಗೆಳೆಯನೇ ಹಗ್ಗ ಜಗ್ಗಿ ಪರದೆ ಸರಿಸಿದ. ನಾನು ಓದಿದೆ. ರೆಫ್ಯೂಜಿ ಎಂದಲ್ಲೆಲ್ಲ ಹುಡುಗರು ಹೋ ಎಂದರು. ಕೊನೆಯ ಸಾಲು ಬಂತು. ಹಗ್ಗ ಹಿಡಿದು ನಿಂತವನ ಕಡೆ ನೋಡದೆ, ಒಂದೇ ಉಸುರಿಗೆ, ನಾನು ಎವ್ರಿಒನ್ ಎಂದು ಓದಿಬಿಟ್ಟೆ. ಚಪ್ಪಾಳೆ ಬಿತ್ತು. ಒಂದು ಅಕ್ಷರವೂ ತಿಳಿಯದ ಆಯಿ ಎಲ್ಲರಿಗಿಂತ ಜೋರಾಗಿ ಬಡಿದಳು.

ಮುಗಿದ ಮೇಲೆ ಆಯಿ ಸೀದಾ ಬೇವಿನ ಗಿಡದ ಕೆಳಗೆ ನಿಂತಿದ್ದ ಸರ್ ಹತ್ತಿರ ಹೋಗಿ ಎರಡೂ ಕೈ ಜೋಡಿಸಿದಳು. “ಶರಣಾರ್ಥ್ರೀ ಸರ್.”

ಸರ್ ಪಾಠ ಕಲಿತಿದ್ದರು. “ಶರಣು ಶರಣಾರ್ಥಿ ತಾಯಿ,” ಅಂದರು.

ಮೈಸೂರಿನವರ ಬಾಯಲ್ಲಿ ತನ್ನ ಮಾತು ಕೇಳಿ ಆಯಿಯ ಮುಖ ಅರಳಿತು. ಜಮಖಾನ ಸುತ್ತಿಡುತ್ತಿದ್ದ ನನ್ನ ಗೆಳೆಯ ಅದನ್ನು ಅಲ್ಲೇ ಬಿಟ್ಟು ಬಂದ. ಪ್ಯಾಂಟಿಗೆ ಕೈ ಒರೆಸಿಕೊಂಡು ಆಯಿಯ ಎದುರಿಗೆ ನಿಂತು ಕೈ ಮುಗಿದ.

“ಶರಣಾರ್ಥಿ ಆಯಿ,” ಅಂದ.

ಸರ್‌ಗೆ ಮುಗಿದ ಕೈಗಳು ಇನ್ನೂ ಆಯಿಯ ಎದೆಯ ಮುಂದೇ ಇದ್ದವು. ಅವು ಕೆಳಗೆ ಇಳಿದವು. ಆಯಿ ಅವನನ್ನು ಮೇಲಿಂದ ಕೆಳಗೆ ನೋಡಿ, ನಗುತ್ತ, ಪ್ರೀತಿಯಿಂದಲೇ ಅಂದಳು: “ಯಾಕೋ ತಮ್ಮಾ, ಊರಿಗಿ ಬರಂಗಿಲ್ಲೇನು? ಬಸ್ ಹೋಗ್ತದ ನೋಡು.”

ಸರ್ ತಲೆ ತಗ್ಗಿಸಿ ಕೈಗಡಿಯಾರದ ಪಟ್ಟಿ ಸಡಿಲ ಮಾಡಿದರು, ಮತ್ತೆ ಬಿಗಿ ಮಾಡಿದರು. ಅವರು ಆ ಮುಕ್ಕಾಲು ಪುಟ ಓದಿದ್ದವರು. ಗೆಳೆಯ “ಬರ್ತೀನಿ ಆಯಿ” ಎಂದು ಹೇಳಿ ಜಮಖಾನದ ಕಡೆಗೆ ಹೋದ. ಹೋಗುವಾಗ ನನ್ನನ್ನು ನೋಡಿದನೋ ಇಲ್ಲವೋ, ನಾನು ನೆಲ ನೋಡುತ್ತಿದ್ದೆ. ನನಗೆ ನಾಚಿಕೆಯಾಗಿತ್ತು. ಅದರಲ್ಲಿ ಆಯಿಯ ಪಾಲು ಕಡಿಮೆ. ಅವಳಿಗೆ ತಾನೇನು ಮಾಡಿದೆನೆಂದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಆವತ್ತು ನಾನು ಆಯಿಯ ಬಾಜೂ ಕೂತೆ. ಅವನು ಹಿಂದೆ ಎಲ್ಲೋ ನಿಂತಿದ್ದ.

ಮರುದಿನ ಬೆಳಿಗ್ಗೆ ಅವನು ನನ್ನನ್ನು ಕರೆಯಲು ಮನೆಗೆ ಬರಲಿಲ್ಲ. ನಾನೇ ಬಸ್ ನಿಲ್ಲುವಲ್ಲಿಗೆ ಹೋದೆ. ಟವೆಲ್ ಹೆಗಲ ಮೇಲೆ ಹಾಕಿಕೊಂಡು ರಸ್ತೆ ನೋಡುತ್ತ ನಿಂತಿದ್ದ. ಅಲ್ಲಿ ಊರಿನ ಹಿರಿಯರು ಐದಾರು ಮಂದಿ ಇದ್ದರು. ರಾತ್ರಿಯೆಲ್ಲ ನಾನು ಮನಸ್ಸಿನಲ್ಲೇ ಕಂಠಪಾಠ ಮಾಡಿದ್ದು ಅದೊಂದೇ ಶಬ್ದ. ಪುಸ್ತಕಗಳನ್ನು ಕಂಕುಳಲ್ಲಿ ಸಿಗಿಸಿ, ಎಲ್ಲರೂ ನೋಡುವ ಹಾಗೆ ಅವನ ಎದುರಿಗೆ ನಿಂತು ಕೈ ಮುಗಿದೆ.

“ಶರಣಾರ್ಥಿ,” ಅಂದೆ.

ಅವನು ನನ್ನ ಮುಗಿದ ಕೈಗಳನ್ನು ನೋಡಿದ, ಹಿರಿಯರನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ.

“ಯಾಕ?” ಅಂದ.

ಅದಕ್ಕೆ ಉತ್ತರ ಹಿಡಿದುಕೊಂಡು ನಾನು ಬಂದಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಅವನು ಓಡಿಹೋಗಿ ಕಿಟಕಿಯೊಳಗೆ ಟವೆಲ್ ಒಗೆದು, ಎಂದಿನ ಹಾಗೆ, ಇಬ್ಬರಿಗೂ ಸೀಟು ಹಿಡಿದ.